ಕಡಲ ಮಗ್ಗುಲಿನ ಹಿಮ: ವ್ಯಾಂಕೂವರ್‌ನಲ್ಲಿ ಒಂದು ವಸಂತ ರಜೆ

ಡಾಲಸ್ ಸುತ್ತಮುತ್ತಲಿನ ಶಾಲೆಗಳಿಗೆ ಮಾರ್ಚ್ ತಿಂಗಳ ನಡುವಿನ ಒಂದು ವಾರ ರಜೆ. ಸ್ಪ್ರಿಂಗ್ ಬ್ರೇಕ್ ಎಂದು ಮಕ್ಕಳು ಜನವರಿಯಿಂದಲೇ ದಾರಿ ಕಾಯುವ ಆ ವಾರದಲ್ಲಿ ಇಲ್ಲಿನ ಅನೇಕ ಕುಟುಂಬಗಳು ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೆಂದು ಕೊಲೊರಾಡೊ ಅಥವಾ ನ್ಯೂ ಮೆಕ್ಸಿಕೊದ ಬೆಟ್ಟಗಳಿಗೆ ಹೋಗುತ್ತವೆ. ನಮ್ಮ ಹನ್ನೊಂದು ವರ್ಷದ ಮಗಳಿಗೂ ಏಳು ವರ್ಷದ ಮಗನಿಗೂ ಹಿಮದ ಬೆಟ್ಟ ತೋರಿಸಬೇಕೆಂಬ ಆಸೆ ನಮಗೆ ಬಹಳ ದಿನಗಳಿಂದ ಇತ್ತು. ಆದರೆ ಸಾಗರದಿಂದ ಬಂದು ನಮ್ಮೊಡನೆ ಇರುವ ಅತ್ತೆಯವರಿಗೆ ಎಪ್ಪತ್ತು ದಾಟಿದೆ, ರಕ್ತದೊತ್ತಡದ ಮಾತ್ರೆ ನಡೆಯುತ್ತಿದೆ. ಕೊಲೊರಾಡೊದ ಬ್ರೆಕನ್‌ರಿಜ್‌ನಂಥ ತಾಣದಲ್ಲಿ ಬೆಟ್ಟದ ಬುಡವೇ 2,900 ಮೀಟರ್‌ಗಿಂತ ಎತ್ತರದಲ್ಲಿದೆ. ಅಲ್ಲಿ ರಾತ್ರಿ ಮಲಗುವುದೂ ಅಷ್ಟೇ ಎತ್ತರದಲ್ಲಿ. ಗಾಳಿ ತೆಳುವಾದ ಜಾಗದಲ್ಲಿ ಅವರನ್ನು ವಾರವಿಡೀ ಇರಿಸುವುದು ನಮಗೆ ಸರಿಕಾಣಲಿಲ್ಲ. ಅವರನ್ನು ಬಿಟ್ಟು ಹೋಗುವ ಮಾತಂತೂ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಸಮುದ್ರಮಟ್ಟದಲ್ಲಿ ವಾಸ, ಹಗಲು ಮಾತ್ರ ಹಿಮದಲ್ಲಿ ಎಂಬ ಅನುಕೂಲ ಎಲ್ಲಿದೆ ಎಂದು ಹುಡುಕಿದಾಗ ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನಗರ ಕಣ್ಣಿಗೆ ಬಿತ್ತು. ನಗರದ ಉತ್ತರಕ್ಕೆ, ಒಂದು ಚಾಚುಕಡಲಿನ ಆಚೆ, ಸೀಮೋರ್, ಗ್ರೌಸ್ ಮತ್ತು ಸೈಪ್ರೆಸ್ ಎಂಬ ಮೂರು ಸ್ಕೀ ಬೆಟ್ಟಗಳು ಸಾಲಾಗಿ ನಿಂತಿವೆ. ಇನ್ನೂ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ಹೋದರೆ ಪ್ರಸಿದ್ಧವಾದ ವಿಸ್ಲರ್ ಸಿಗುತ್ತದೆ. ಆ ಊರು ಕೂಡ ಸುಮಾರು 670 ಮೀಟರ್ ಎತ್ತರದಲ್ಲಷ್ಟೇ ಇದೆ.

ಶನಿವಾರ

ಡಾಲಸ್‌ನಿಂದ ನಾಲ್ಕೂವರೆ ಗಂಟೆಯ ಪ್ರಯಾಣ. ವಿಮಾನ ಇಳಿಯುವಾಗ ಬಲಕ್ಕೆ, ಗಡಿಯ ದಕ್ಷಿಣದಲ್ಲಿರುವ ಬೇಕರ್ ಪರ್ವತದ ಹಿಮದ ತುದಿ ಮೋಡಗಳ ಮೇಲೆ ಒಂಟಿಯಾಗಿ ಕಾಣಿಸಿತು. ಮೋಡ ಸೀಳಿ ಕೆಳಗೆ ಬಂದರೆ ಫ್ರೇಸರ್ ನದಿ ಕಡಲು ಸೇರುವ ಮುಖಜಭೂಮಿ, ಹಸಿರು ಹೊಲ, ಸಣ್ಣಗೆ ಹಿಡಿದ ಮಳೆ. ಹೊರಗೆ ಒಂಬತ್ತು ಡಿಗ್ರಿ. ರಸ್ತೆಯ ಬದಿಯಲ್ಲಿ ಬೇಗ ಅರಳುವ ಜಾತಿಯ ಚೆರ್ರಿ ಮರಗಳು ಆಗಲೇ ಹೂಬಿಟ್ಟಿದ್ದವು. "ಹಿಮ ಎಲ್ಲಿ?" ಎಂದು ಮಗ ಕಾರಿನಲ್ಲಿ ಎರಡು ಸಲ ಕೇಳಿದ.

ನಾವು ಉಳಿದುಕೊಂಡದ್ದು ನಾರ್ತ್ ವ್ಯಾಂಕೂವರ್‌ನ ಒಂದು ಬಾಡಿಗೆ ಮನೆಯಲ್ಲಿ. ಮೂರು ಬೆಟ್ಟಗಳೂ ಅಲ್ಲಿಂದ ಅರ್ಧ ಗಂಟೆಯ ಆಸುಪಾಸಿನಲ್ಲಿವೆ ಎಂಬುದು ಒಂದು ಕಾರಣವಾದರೆ, ಅಡುಗೆಮನೆ ಇರುವುದರಿಂದ ಅತ್ತೆಯವರಿಗೆ ಬೆಳಿಗ್ಗೆ ಬಿಸಿ ಗಂಜಿ, ಮಕ್ಕಳಿಗೆ ಚಿತ್ರಾನ್ನ ಮಾಡಿಕೊಡಬಹುದು ಎಂಬುದು ಇನ್ನೊಂದು. ಸಂಜೆ ಮಳೆ ನಿಂತು ಮೋಡ ಮೇಲೆದ್ದಾಗ ಮಗನ ಪ್ರಶ್ನೆಗೆ ಉತ್ತರ ದೊರೆಯಿತು. ಮನೆಯ ಹಿಂದಿನ ಬೆಟ್ಟ ಒಂದು ಎತ್ತರದವರೆಗೆ ಕಡುಹಸಿರಾಗಿತ್ತು. ಅಲ್ಲಿಂದ ಮೇಲಿನ ಪ್ರತಿ ಮರವೂ ಬೆಳ್ಳಗಿತ್ತು.

ಇದರ ಕಾರಣವನ್ನು ಅತ್ತೆಯವರಿಗೆ ವಿವರಿಸುವುದು ಸುಲಭವಾಯಿತು. ಅರಬ್ಬೀ ಸಮುದ್ರದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರಿ, ತಣಿದು, ಆಗುಂಬೆಯಲ್ಲಿ ಮಳೆಯಾಗಿ ಸುರಿಯುವಂತೆ, ಇಲ್ಲಿ ಪೆಸಿಫಿಕ್ ಸಾಗರದ ಗಾಳಿ ಈ ಬೆಟ್ಟಗಳಿಗೆ ಬಡಿದು ಮೇಲೇರುತ್ತದೆ. ಮಲೆನಾಡಿನಲ್ಲಿ ಮಳೆ ತರುವ ಕ್ರಿಯೆಯೇ ಇಲ್ಲಿ ಹಿಮ ತರುತ್ತದೆ. ಮೋಡದ ದಿನಗಳಲ್ಲಿ ಸಾವಿರ ಮೀಟರ್ ಏರಿದರೆ ತಾಪ ಸುಮಾರು ಆರು ಡಿಗ್ರಿಯಷ್ಟು ಇಳಿಯುತ್ತದೆ. ಕಡಲತೀರದಲ್ಲಿ ಆರು ಡಿಗ್ರಿ ಇದ್ದರೆ ಸಾವಿರ ಮೀಟರಿನ ಆಸುಪಾಸಿನಲ್ಲಿ ನೀರು ಹೆಪ್ಪುಗಟ್ಟುತ್ತದೆ. ಊರಿನವರು ಆ ಎತ್ತರವನ್ನು ಫ್ರೀಜಿಂಗ್ ಲೆವೆಲ್ ಎನ್ನುತ್ತಾರೆ. ಬೆಳಿಗ್ಗೆ ಎದ್ದು ಆ ದಿನದ ಫ್ರೀಜಿಂಗ್ ಲೆವೆಲ್ ಎಷ್ಟೆಂದು ನೋಡಿದ ಮೇಲೆಯೇ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವುದು ಇಲ್ಲಿನ ರೂಢಿ. ವಾರವಿಡೀ ನಾವೂ ಹಾಗೆಯೇ ನಡೆದುಕೊಂಡೆವು.

ಭಾನುವಾರ

ಆರಂಭಿಕರಾದ ನಮಗೆ ಮೊದಲ ಪಾಠ ಸಣ್ಣ ಬೆಟ್ಟದಲ್ಲೇ ಆಗಬೇಕೆಂದು ಸೀಮೋರ್ ಪರ್ವತವನ್ನು ಆರಿಸಿಕೊಂಡಿದ್ದೆವು. ಪ್ರಾಂತೀಯ ಉದ್ಯಾನದ ಕಾಡಿನೊಳಗೆ ಸುತ್ತಿ ಸುತ್ತಿ ಏರುವ ರಸ್ತೆಯಲ್ಲಿ ಮೊದಲು ಮಳೆ, ಆಮೇಲೆ ಮಳೆಯೊಂದಿಗೆ ಬೆರೆತ ಹಿಮ, ಕೊನೆಗೆ ಬರೀ ಹಿಮ ಬೀಳುತ್ತಿತ್ತು. ಮಕ್ಕಳು ಮಾತು ನಿಲ್ಲಿಸಿ ಕಿಟಕಿಗೆ ಅಂಟಿಕೊಂಡರು.

ಸ್ಕೀಯಿಂಗ್‌ನಲ್ಲಿ ಮೊದಲು ಕಲಿಯಬೇಕಾದದ್ದು ಬೂಟು ಹಾಕಿಕೊಳ್ಳುವುದನ್ನು. ಈ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಮೆತ್ತೆ, ಹೊರಗೆ ನಾಲ್ಕು ಲೋಹದ ಕೊಂಡಿಗಳು. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುವ ಮನಸ್ಸಾಗುತ್ತದೆ; ಆದರೆ ಒಂದೇ ಜೊತೆ, ಅದೂ ತೆಳುವಾದದ್ದು, ಮೊಣಕಾಲಿನ ಕೆಳಗಿನವರೆಗೆ ಮಡಿಕೆಯಿಲ್ಲದೆ ಏರಿಸಿಕೊಳ್ಳಬೇಕು. ಮಡಿಕೆ ಬಿದ್ದರೆ ಅರ್ಧ ಗಂಟೆಯೊಳಗೆ ಚರ್ಮ ಕೆಂಪಾಗುತ್ತದೆ. ಕಾಲು ತೂರಿಸಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಸರಿಸಿ, ಮೊಣಕಾಲು ಮುಂದಕ್ಕೆ ಬಾಗಿಸಿ, ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ ಬೂಟಿನ ನಾಲಿಗೆಗೆ ಒತ್ತಿಕೊಂಡ ಸ್ಥಿತಿಯಲ್ಲಿ ಕೊಂಡಿ ಬಿಗಿಯಬೇಕು. ನೆಟ್ಟಗೆ ನಿಂತಾಗ ಹೆಬ್ಬೆರಳು ಬೂಟಿನ ತುದಿಗೆ ತಾಗಬೇಕು, ಬಾಗಿದಾಗ ಹಿಂದೆ ಸರಿಯಬೇಕು. ಬಾಡಿಗೆ ಅಂಗಡಿಯ ಹುಡುಗಿ ಮಗನ ಮುಂದೆ ಮಂಡಿಯೂರಿ ಕುಳಿತು ಇದನ್ನೆಲ್ಲ ಅವನಿಂದಲೇ ಮಾಡಿಸಿದಳು. ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಿಗಿಯಿರಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಅನುಭವ ಮತ್ತು ಬೂಟಿನ ಅಳತೆ ನೋಡಿ ನಿಗದಿ ಮಾಡುತ್ತಾರೆ. ಬಿದ್ದಾಗ ಕಾಲು ತಿರುಚುವ ಮುನ್ನ ಹಲಗೆ ತಾನಾಗಿ ಕಳಚಿಕೊಳ್ಳಬೇಕೆಂಬುದು ಅದರ ಉದ್ದೇಶ. ಅದಕ್ಕಾಗಿ ತೂಕವನ್ನು ಸಂಕೋಚಪಟ್ಟು ಕಡಿಮೆ ಹೇಳಬಾರದು.

ಪಾಠ ನಡೆದದ್ದು ಮ್ಯಾಜಿಕ್ ಕಾರ್ಪೆಟ್ ಎಂಬ ಚಲಿಸುವ ಪಟ್ಟಿಯ ಪಕ್ಕದ ಇಳುಕಲಿನಲ್ಲಿ. ಪಟ್ಟಿಯ ಮೇಲೆ ಸ್ಕೀ ಸಮೇತ ನಿಂತರೆ ಅದು ಮೆಲ್ಲಗೆ ಮೇಲಕ್ಕೆ ಒಯ್ಯುತ್ತದೆ. ಮೇಲಿನಿಂದ ಜಾರಿ ಇಳಿಯುವುದು ಮಾತ್ರ ನಮ್ಮ ಕೆಲಸ. ಹಲಗೆಗಳ ಮುಂತುದಿ ಹತ್ತಿರ ತಂದು ಹಿಂತುದಿ ಅಗಲಿಸಿದರೆ ವೇಗ ತಗ್ಗುತ್ತದೆ. ಮಕ್ಕಳಿಗೆ ಇದನ್ನು "ಪಿಜ್ಜಾ" ಎಂದು ಹೇಳಿಕೊಡುತ್ತಾರೆ. ಎರಡೂ ಹಲಗೆ ಸಮಾನಾಂತರವಾಗಿ ಇಟ್ಟರೆ "ಫ್ರೆಂಚ್ ಫ್ರೈಸ್", ಆಗ ವೇಗ ಹೆಚ್ಚುತ್ತದೆ. ಮಗ ಮಧ್ಯಾಹ್ನದೊಳಗೆ ಪಿಜ್ಜಾ ಕಲಿತು ತಾನೇ ನಿಲ್ಲತೊಡಗಿದ. ಮಗಳ ದಾರಿ ಬೇರೆ. ಅವಳಿಗೆ ಬೀಳುವುದೆಂದರೆ ಹಿಂಜರಿಕೆ, ಆದ್ದರಿಂದ ಮೈ ಹಿಂದಕ್ಕೆ ವಾಲಿಸುತ್ತಿದ್ದಳು. ಹಿಂದಕ್ಕೆ ವಾಲಿದರೆ ಹಲಗೆಯ ಮುಂಭಾರ ಹಗುರವಾಗಿ ಹಿಡಿತವೇ ತಪ್ಪುತ್ತದೆ. "ಇಳಿಜಾರಿನ ಕಡೆಗೆ ಬಾಗು" ಎಂಬ ಮಾತು ದೇಹದ ಸಹಜ ಭಯಕ್ಕೆ ವಿರುದ್ಧವಾದದ್ದು. ಶಿಕ್ಷಕ ಗದರಲಿಲ್ಲ, ಅವಸರಿಸಲೂ ಇಲ್ಲ. ಅವಳ ಮುಂದೆ ತಾನು ಹಿಮ್ಮುಖವಾಗಿ ಜಾರುತ್ತ, ಕೈಗಳನ್ನು ಮುಂದೆ ಚಾಚಿ ಅವನ ಕೈಗವಸು ಮುಟ್ಟಲು ಹೇಳಿದ. ಕೈ ಮುಂದೆ ಬಂದಾಗ ಮೈಯೂ ಮುಂದೆ ಬಂತು. ಮಕ್ಕಳಿಗೆ ತಂದೆ ತಾಯಿಯೇ ಕಲಿಸಬಹುದೆಂದು ಉಳಿತಾಯ ಮಾಡುವವರಿದ್ದಾರೆ. ಈ ಒಂದು ವಿಷಯದಲ್ಲಿ ಪಾಠಕ್ಕೆ ಕೊಟ್ಟ ಹಣ ಸಾರ್ಥಕ ಎಂದೇ ನನ್ನ ದೃಢವಾದ ಅಭಿಪ್ರಾಯ.

ಅತ್ತೆಯವರು ಸೀರೆಯ ಒಳಗೆ ಉಣ್ಣೆಯ ಪ್ಯಾಂಟು, ಮೇಲೆ ನನ್ನ ದಪ್ಪ ಕೋಟು, ಕಾಲಿಗೆ ಜಾರದ ಬೂಟು ಧರಿಸಿ ಹಿಮದ ಮೇಲೆ ಕಾಲಿಟ್ಟರು. ಒಂದು ಹಿಡಿ ಎತ್ತಿ, ಹಿಂಡಿ, ನೀರಾಗುವುದನ್ನು ನೋಡಿ, "ಇಷ್ಟು ಹಗುರ ಇರ್ತದೆ ಅಂದ್ಕೊಂಡಿರಲಿಲ್ಲ" ಎಂದರು.

ಸೋಮವಾರ

ಬೆಳಿಗ್ಗೆ ಫ್ರೀಜಿಂಗ್ ಲೆವೆಲ್ 1,900 ಮೀಟರಿಗೆ ಏರಿತ್ತು. ಹವಾಯಿ ದ್ವೀಪಗಳ ಕಡೆಯಿಂದ ಬೆಚ್ಚನೆಯ ತೇವಗಾಳಿ ನೇರವಾಗಿ ಈ ತೀರಕ್ಕೆ ಬೀಸುವ ದಿನಗಳುಂಟು. ಅದಕ್ಕೆ ಇಲ್ಲಿನವರು ಪೈನಾಪಲ್ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಅಂಥ ದಿನ ನಗರದ ಬಳಿಯ ಮೂರೂ ಬೆಟ್ಟಗಳ ನೆತ್ತಿಯ ಮೇಲೂ ಮಳೆಯೇ ಸುರಿಯುತ್ತದೆ. ಕಡಲ ಮಗ್ಗುಲಿನ ಹಿಮಕ್ಕೆ ಬಂದವರು ಇಂಥದ್ದೊಂದು ದಿನವನ್ನು ಲೆಕ್ಕಕ್ಕೆ ಹಿಡಿದೇ ಬರಬೇಕು. ವಾರವಿಡೀ ಟಿಕೆಟ್ ಮುಂಗಡ ಕೊಂಡಿಡದೆ, ಹಿಂದಿನ ಸಂಜೆ ನೋಡಿಕೊಂಡು ಕೊಳ್ಳುವ ಯೋಜನೆ ಇದಕ್ಕಾಗಿಯೇ ಇತ್ತು.

ಲಯನ್ಸ್ ಗೇಟ್ ಸೇತುವೆ ದಾಟಿ ಸ್ಟಾನ್ಲಿ ಪಾರ್ಕಿಗೆ ಹೋದೆವು. ನಾನೂರು ಹೆಕ್ಟೇರಿನ ಈ ಕಾಡು ನಗರದ ಎದೆಗೇ ತಾಗಿಕೊಂಡಿದೆ. ಸೀಡರ್ ಮರಗಳಿಂದ ತೊಟ್ಟಿಕ್ಕುವ ನೀರು, ಕಾಂಡದ ತುಂಬ ಪಾಚಿ, ನೆಲದ ಮೇಲೆ ಜರಿಗಿಡ. ಕೊಡೆ ಹಿಡಿದ ಅತ್ತೆಯವರು ಆ ದಿನ ಎಲ್ಲರಿಗಿಂತ ಗೆಲುವಾಗಿದ್ದರು. ಮಧ್ಯಾಹ್ನ ದಕ್ಷಿಣ ಭಾರತದ ಹೋಟೆಲೊಂದರಲ್ಲಿ ಬಿಸಿ ಸಾರು ಅನ್ನ, ಸಂಜೆ ಒದ್ದೆ ಬಟ್ಟೆಗಳನ್ನು ಒಣಗಿಸುವ ಕೆಲಸ.

ಮಂಗಳವಾರ

ರಾತ್ರಿ ಗಾಳಿ ತಿರುಗಿತು. ತಣ್ಣನೆಯ ವಾಯುರಾಶಿ ಒಳನುಗ್ಗಿ ಫ್ರೀಜಿಂಗ್ ಲೆವೆಲ್ 700 ಮೀಟರಿಗೆ ಇಳಿದಿತ್ತು. ನಾವು ಸೈಪ್ರೆಸ್‌ಗೆ ಹೊರಟೆವು. ವೆಸ್ಟ್ ವ್ಯಾಂಕೂವರ್‌ನಿಂದ ಏರುವ ರಸ್ತೆಯ ತಿರುವೊಂದರಲ್ಲಿ ಕಾರು ನಿಲ್ಲಿಸಿದರೆ ಕೆಳಗೆ ಇಡೀ ನಗರ, ಬಂದರಿನಲ್ಲಿ ಲಂಗರು ಹಾಕಿದ ಸರಕು ಹಡಗುಗಳು, ಅದರಾಚೆ ತೆರೆದ ಕಡಲು ಕಾಣುತ್ತವೆ. ಹಿಂದಿನ ದಿನದ ಮಳೆಯಿಂದ ಗಟ್ಟಿಯಾದ ಹಳೆಯ ಪದರದ ಮೇಲೆ ಒಂದು ಗೇಣು ಹೊಸ ಹಿಮ ಬಿದ್ದಿತ್ತು. ಕರಾವಳಿಯ ಹಿಮಕ್ಕೆ ತೇವ ಹೆಚ್ಚು, ತೂಕವೂ ಹೆಚ್ಚು. ಒಳನಾಡಿನ ಒಣ ಹಿಮದಲ್ಲಿ ಪಳಗಿದವರು ಇದನ್ನು ಹೀಗಳೆಯುತ್ತಾರೆ. ಕಲಿಯುವವರಿಗೆ ಇದರಿಂದ ಒಂದು ಉಪಕಾರವಿದೆ, ವೇಗ ತಾನಾಗಿಯೇ ತಗ್ಗುತ್ತದೆ.

2010ರ ಚಳಿಗಾಲದ ಒಲಿಂಪಿಕ್ಸ್‌ನ ಫ್ರೀಸ್ಟೈಲ್ ಸ್ಕೀಯಿಂಗ್ ಮತ್ತು ಸ್ನೋಬೋರ್ಡ್ ಸ್ಪರ್ಧೆಗಳು ನಡೆದದ್ದು ಇದೇ ಬೆಟ್ಟದಲ್ಲಿ. ಆ ವರ್ಷ ಜನವರಿ ಅಸಾಧಾರಣ ಬೆಚ್ಚಗಿದ್ದು, ಸೈಪ್ರೆಸ್‌ನ ಹಿಮ ಕರಗಿಹೋಯಿತು. ಸಂಘಟಕರು ಹುಲ್ಲಿನ ಪಿಂಡಿಗಳನ್ನು ಅಡಿಗೆ ಜೋಡಿಸಿ ಆಕಾರ ಕೊಟ್ಟು, ದೂರದ ಮ್ಯಾನಿಂಗ್ ಪಾರ್ಕಿನಿಂದ ಲಾರಿಗಳಲ್ಲಿ ಹಿಮ ತರಿಸಿ, ಹೆಲಿಕಾಪ್ಟರ್‌ಗಳಿಂದಲೂ ಹೊರಿಸಿ ಮೇಲೆ ಹಾಸಿದರು. ನಿಂತು ನೋಡುವ ಜಾಗ ಸುರಕ್ಷಿತವಲ್ಲವೆಂದು ಸಾವಿರಾರು ಟಿಕೆಟ್‌ಗಳು ರದ್ದಾದವು. ಹೀಗೆ ಉಳಿಸಿಕೊಂಡ ಹಿಮದ ಮೇಲೆ, ಫೆಬ್ರುವರಿ 14ರಂದು, ಕೆನಡಾದ ಅಲೆಕ್ಸಾಂಡ್ರ್ ಬಿಲೊಡೊ ಹಿಮದ ಗುಬ್ಬಗಳ ಮೇಲೆ ಇಳಿಯುವ ಮೊಗಲ್ಸ್ ಸ್ಪರ್ಧೆಯನ್ನು ಗೆದ್ದರು. 1976ರ ಮಾಂಟ್ರಿಯಲ್, 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗಳಲ್ಲಿ ತವರಿನಲ್ಲಿ ಒಂದೂ ಚಿನ್ನ ಕಾಣದಿದ್ದ ಕೆನಡಾಕ್ಕೆ ಅದು ಸ್ವಂತ ನೆಲದ ಮೊದಲ ಚಿನ್ನ. ಹಿಮವನ್ನು ಹೊತ್ತು ತಂದ ಕಥೆ ಮಗನಿಗೆ ಎಷ್ಟು ಹಿಡಿಸಿತೆಂದರೆ, ಊಟದ ಹೊತ್ತಿಗೆ ಪಕ್ಕದ ಮೇಜಿನವರಿಗೂ ಅವನು ಅದನ್ನು ಹೇಳಿದ.

ಮಕ್ಕಳು ಚೇರ್ ಲಿಫ್ಟ್ ಹತ್ತಿದ್ದು ಅಂದೇ. ಕುರ್ಚಿ ನಮಗಾಗಿ ನಿಲ್ಲುವುದಿಲ್ಲ. ಗೆರೆಯ ಮೇಲೆ ನಿಂತು, ಹಿಂದೆ ತಿರುಗಿ ನೋಡಿ, ಅದು ಮೊಣಕಾಲಿಗೆ ತಾಗುತ್ತಲೇ ಕೂತು, ಅಡ್ಡಪಟ್ಟಿ ಇಳಿಸಿಕೊಳ್ಳಬೇಕು. ಚಿಕ್ಕವರಿದ್ದರೆ ಹೇಳಿದರೆ ನಡೆಸುವವರು ವೇಗ ತಗ್ಗಿಸುತ್ತಾರೆ. ದಾರಿಗಳ ಕಠಿಣತೆಗೆ ಗುರುತುಗಳಿವೆ: ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಠಿಣ. ನಾವು ಹಸಿರು ಬಿಟ್ಟು ಕದಲಲಿಲ್ಲ. ಮುಂದೆ ಇರುವವರಿಗೇ ದಾರಿಯ ಹಕ್ಕು, ಹಿಂದಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು ಎಂಬ ನಿಯಮವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆವು. ಇನ್ನೊಂದು ಎಚ್ಚರಿಕೆ ಈ ಕರಾವಳಿಯಲ್ಲಿ ಮುಖ್ಯ. ಇಳಿಬಿದ್ದ ಕೊಂಬೆಗಳ ಅಡಿಯಲ್ಲಿ ಹಿಮ ಗಟ್ಟಿಯಾಗಿ ತುಂಬಿಕೊಳ್ಳದೆ ಕಾಂಡದ ಸುತ್ತ ಟೊಳ್ಳು ಉಳಿಯುತ್ತದೆ. ಅದರೊಳಗೆ ತಲೆಕೆಳಗಾಗಿ ಬಿದ್ದರೆ ಸ್ವಂತ ಬಲದಿಂದ ಹೊರಬರುವುದು ಬಹಳ ಕಷ್ಟ. ಆದ್ದರಿಂದ ಗುರುತು ಮಾಡಿದ ದಾರಿ ಬಿಟ್ಟು ಮರಗಳ ನಡುವೆ ನುಗ್ಗಕೂಡದು.

ಬುಧವಾರ

ವಿಸ್ಲರ್‌ಗೆ ಹೋಗುವ 99ನೇ ಹೆದ್ದಾರಿಗೆ "ಸೀ ಟು ಸ್ಕೈ" ಎಂಬ ಹೆಸರು. ಮಾರ್ಚ್‌ನಲ್ಲಿ ಈ ದಾರಿಗೆ ಚಳಿಗಾಲದ ಟೈರ್ ಕಡ್ಡಾಯವಾದ್ದರಿಂದ ಬಾಡಿಗೆ ಕಾರು ಪಡೆಯುವಾಗಲೇ ಕೇಳಿ, ಟೈರಿನ ಮೇಲಿನ ಗುರುತು ನೋಡಿಕೊಂಡಿದ್ದೆವು. ಹಾರ್ಸ್‌ಶೂ ಬೇ ದಾಟಿದ ಮೇಲೆ ರಸ್ತೆ ಹೌ ಸೌಂಡ್ ಎಂಬ, ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ (ಫಿಯೋರ್ಡ್) ಅಂಚಿನಲ್ಲೇ ಸಾಗುತ್ತದೆ. ಎಡಕ್ಕೆ ಕಡುನೀಲಿ ನೀರು, ದ್ವೀಪಗಳು. ಬಲಕ್ಕೆ ಬಂಡೆಯ ಗೋಡೆ. 2021ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ಜೀವಗೋಳ ಮೀಸಲು ಎಂದು ಮಾನ್ಯ ಮಾಡಿದೆ. ಊರುಗಳ ಹೆಸರನ್ನು ಇಲ್ಲಿನ ಮೂಲನಿವಾಸಿಗಳಾದ ಸ್ಕ್ವಾಮಿಶ್ ಜನರ ನುಡಿಯಲ್ಲೂ ಬರೆದ ಫಲಕಗಳು ದಾರಿಯುದ್ದಕ್ಕೂ ಇವೆ. ಈ ನೆಲ ಯಾರದ್ದೆಂದು ಅವು ಹಾದುಹೋಗುವವರಿಗೆ ನೆನಪಿಸುತ್ತವೆ.

ಸ್ಕ್ವಾಮಿಶ್ ಊರಿನ ಮುನ್ನ ಶ್ಯಾನನ್ ಜಲಪಾತ. ಎತ್ತರ 335 ಮೀಟರ್. ನಮ್ಮ ಜೋಗ 253 ಮೀಟರ್ ಎಂದು ಮಗಳು ಫೋನಿನಲ್ಲಿ ನೋಡಿ ಹೇಳಿದಾಗ, ಸಾಗರ ತಾಲ್ಲೂಕಿನಲ್ಲಿ ಬಾಳಿದ ಅತ್ತೆಯವರು ಜಲಪಾತವನ್ನು ಮೇಲಿನಿಂದ ಕೆಳಗಿನವರೆಗೆ ಸಾವಧಾನವಾಗಿ ನೋಡಿದರು. "ಇದು ಬಂಡೆ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹರಿದು ಬರ್ತದೆ ಪುಟ್ಟಿ. ನಮ್ಮ ರಾಜಾ ನೆಟ್ಟಗೆ ಧುಮುಕ್ತಾನೆ" ಎಂದರು. ಅವರ ಮಾತು ನಿಜ. ಅಲ್ಲಿಂದ ತುಸು ಮುಂದೆ ಸ್ಟವಾಮಸ್ ಚೀಫ್ ಎಂಬ, ಸುಮಾರು 700 ಮೀಟರ್ ಎದ್ದು ನಿಂತ ಗ್ರಾನೈಟ್ ಬಂಡೆ. ಬಂಡೆ ಹತ್ತುವವರಿಗೆ ಅದು ಜಗತ್ಪ್ರಸಿದ್ಧ ತಾಣ.

ಮಧ್ಯಾಹ್ನ ವಿಸ್ಲರ್ ತಲುಪಿ, 2008ರಲ್ಲಿ ತೆರೆದ ಸ್ಕ್ವಾಮಿಶ್ ಲಿಲ್‌ವಾಟ್ ಸಾಂಸ್ಕೃತಿಕ ಕೇಂದ್ರದಲ್ಲಿ ಒಂದೆರಡು ಗಂಟೆ ಕಳೆದೆವು. ಸೀಡರ್ ತೊಗಟೆಯ ನಾರು ಹೆಣೆಯುವುದನ್ನು ಅಲ್ಲಿನ ಹೆಂಗಸೊಬ್ಬರು ತೋರಿಸುತ್ತಿದ್ದರು. ಅತ್ತೆಯವರು ಚಾಪೆ ಹೆಣೆಯುವುದನ್ನು ಬಲ್ಲವರು. ಎಳೆಯನ್ನು ಒದ್ದೆ ಮಾಡಿಕೊಳ್ಳುವುದೇಕೆಂದು ಅವರು ನನ್ನ ಮೂಲಕ ಕೇಳಿದ ಪ್ರಶ್ನೆಗೆ ಆ ಹೆಂಗಸು ಬಹಳ ಸಂತೋಷದಿಂದ ಉತ್ತರಿಸಿದರು.

ಗುರುವಾರ

ವಿಸ್ಲರ್ ಮತ್ತು ಬ್ಲ್ಯಾಕ್‌ಕೋಂಬ್ ಎರಡು ಅಕ್ಕಪಕ್ಕದ ಪರ್ವತಗಳು. 1968ರ ಒಲಿಂಪಿಕ್ಸ್ ಇಲ್ಲಿ ನಡೆಸಬೇಕೆಂಬ ಹಂಬಲದಿಂದ ವಿಸ್ಲರ್ ಯೋಜನೆ ಹುಟ್ಟಿ, 1966ರಲ್ಲಿ ಸ್ಕೀಯಿಂಗ್‌ಗೆ ತೆರೆಯಿತು. ಒಲಿಂಪಿಕ್ಸ್ ಬಂದದ್ದು 2010ರಲ್ಲಿ. ಬ್ಲ್ಯಾಕ್‌ಕೋಂಬ್ ತೆರೆದದ್ದು 1980ರಲ್ಲಿ. ಈಗ ಎರಡೂ ಸೇರಿ 8,171 ಎಕರೆ. ಕಡಲ ಬಳಿಯ ಸಣ್ಣ ಬೆಟ್ಟಗಳಲ್ಲಿ ಕಾಲು ಹದವಾದ ಮೇಲೆ ಇಲ್ಲಿಗೆ ಬಂದದ್ದರಿಂದ ಮಕ್ಕಳಿಗೆ ಈ ಅಗಾಧತೆ ಭಯ ಹುಟ್ಟಿಸಲಿಲ್ಲ.

ಅತ್ತೆಯವರಿಗೆ ಸ್ಕೀ ಇಲ್ಲದೆ, ತಂತಿಯಲ್ಲಿ ತೂಗುತ್ತ ಸಾಗುವ ಡಬ್ಬಿಗಳ ಗೊಂಡೊಲಾದಲ್ಲಿ ಹೋಗಿಬರುವ ಟಿಕೆಟ್ ಸಿಕ್ಕಿತು. ಮೇಲೆ ರೌಂಡ್‌ಹೌಸ್ ಎಂಬ ವಿಶ್ರಾಂತಿ ಕಟ್ಟಡ ತಲುಪಿದಾಗ ಬಿಸಿಲು ಹರಡಿತ್ತು. ಅಲ್ಲಿಂದ ಬ್ಲ್ಯಾಕ್‌ಕೋಂಬ್‌ಗೆ ಪೀಕ್ ಟು ಪೀಕ್ ಗೊಂಡೊಲಾ. 2008ರ ಡಿಸೆಂಬರಿನಲ್ಲಿ ಆರಂಭವಾದ ಇದು 4.4 ಕಿಲೋಮೀಟರ್ ದೂರವನ್ನು ಹನ್ನೊಂದು ನಿಮಿಷದಲ್ಲಿ ದಾಟುತ್ತದೆ. ನಡುವೆ ಮೂರು ಕಿಲೋಮೀಟರ್‌ಗೂ ಹೆಚ್ಚು ಅಂತರ ಒಂದೂ ಕಂಬವಿಲ್ಲ. ಕಣಿವೆಯ ತಳ 436 ಮೀಟರ್ ಕೆಳಗೆ. ಗಾಜಿನ ನೆಲದ ಎರಡು ಡಬ್ಬಿಗಳಿಗೆ ಬೇರೆ ಸರದಿ ಇತ್ತು. ಅದಕ್ಕೆ ಕಾಯೋಣ ಎಂದವರು ಅತ್ತೆಯವರೇ. ಹನ್ನೊಂದು ನಿಮಿಷವೂ ಮೊಮ್ಮಗನ ಕೈ ಹಿಡಿದು, ಕಾಲಡಿಯಲ್ಲಿ ಸರಿಯುವ ಫರ್ ಮರಗಳ ತುದಿಯನ್ನೂ ತೊರೆಯನ್ನೂ ಅವನಿಗೆ ತೋರಿಸುತ್ತ ನಿಂತಿದ್ದರು.

ವಸಂತದ ಹಿಮ ಗಂಟೆಗೊಂದು ಬಗೆ. ರಾತ್ರಿ ಹೆಪ್ಪುಗಟ್ಟಿದ್ದರಿಂದ ಬೆಳಿಗ್ಗೆ ಗಡಸು, ಹತ್ತು ಹನ್ನೊಂದರ ಹೊತ್ತಿಗೆ ಬಿಸಿಲಿಗೆ ಮೃದುವಾಗಿ ಉಪ್ಪಿನ ಹರಳಿನ ಹದ, ಮೂರರ ಮೇಲೆ ಕೆಳಗಿನ ಇಳುಕಲುಗಳಲ್ಲಿ ಕೆಸರು. ಆರಂಭಿಕರು ನಡುವಿನ ಹೊತ್ತನ್ನು ಹಿಡಿಯಬೇಕು, ಕೆಸರಾಗುವ ಮುನ್ನ ಗೊಂಡೊಲಾದಲ್ಲಿ ಇಳಿದುಬಿಡಬೇಕು. ದಣಿದ ಕಾಲಿಗೆ ಪೆಟ್ಟಾಗುವುದು ಆ ಕೊನೆಯ ಇಳಿತದಲ್ಲೇ. ಹಿಮದಿಂದ ಪ್ರತಿಫಲಿಸುವ ಬಿಸಿಲು ಗಲ್ಲದ ಅಡಿಯನ್ನೂ ಸುಡುತ್ತದೆ, ಸನ್‌ಸ್ಕ್ರೀನ್ ಅಲ್ಲಿಗೂ ಬೇಕು. ಆ ದಿನ ಮಗಳು ಉದ್ದನೆಯ ಹಸಿರು ದಾರಿಯೊಂದನ್ನು ಬೀಳದೆ, ತಿರುವು ತಿರುವಿಗೂ ತಾನೇ "ಮುಂದೆ, ಮುಂದೆ" ಎಂದುಕೊಳ್ಳುತ್ತ ಇಳಿದಳು. ಹಿಂದೆ ಬರುತ್ತಿದ್ದ ನನಗೆ ಹೆಲ್ಮೆಟ್ಟಿನೊಳಗಿಂದ ಆ ಮಾತು ಕೇಳುತ್ತಿತ್ತು. ಭಯ ಹೋಗಿರಲಿಲ್ಲ, ಅದನ್ನು ಇಟ್ಟುಕೊಂಡೇ ಅವಳು ಇಳಿಯಲು ಕಲಿತಿದ್ದಳು. ಈ ಪ್ರವಾಸದಲ್ಲಿ ನಾನು ಕಂಡದ್ದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದು.

ಶುಕ್ರವಾರ

ಮರಳಿ ವ್ಯಾಂಕೂವರ್‌ಗೆ ಬಂದು ಸಂಜೆ ಗ್ರೌಸ್ ಪರ್ವತಕ್ಕೆ ಹೋದೆವು. ಇದರ ಮೇಲಕ್ಕೆ ಕಾರಿನ ದಾರಿಯಿಲ್ಲ, ತಂತಿಯಲ್ಲಿ ತೂಗುವ ದೊಡ್ಡ ಕೆಂಪು ಟ್ರಾಮ್‌ನಲ್ಲಿ ಏರಿದೆವು. ಬುಡದವರೆಗೆ ನಗರದ ಬಸ್ಸು ಬರುತ್ತದೆ. ಕಚೇರಿ ಮುಗಿಸಿ ಸ್ಕೀ ಹಲಗೆಗಳನ್ನು ಹೆಗಲಿಗಿಟ್ಟು ಬಸ್ಸಿನಿಂದ ಇಳಿಯುತ್ತಿದ್ದ ಯುವಕ ಯುವತಿಯರನ್ನು ನೋಡಿ, ಬೆಟ್ಟ ಈ ಊರಿನವರ ದಿನಚರಿಯಲ್ಲಿ ಎಷ್ಟು ಬೆರೆತಿದೆ ಎಂದು ತಿಳಿಯಿತು. "ದಿ ಕಟ್" ಎಂಬ ಅಗಲವಾದ ಹಸಿರು ದಾರಿಯಲ್ಲಿ ದೀಪ ಹೊತ್ತಿಕೊಂಡ ಮೇಲೂ ನಾವು ನಾಲ್ವರೂ ಒಟ್ಟಿಗೆ ಇಳಿದೆವು. ಮಗ ಪಿಜ್ಜಾ ಬಿಟ್ಟು ಫ್ರೆಂಚ್ ಫ್ರೈಸ್‌ಗೆ ದಾಟಿದ್ದರಿಂದ ಅವನ ಜೊತೆ ಇರುವ ಹೊಣೆ ನನ್ನ ಪತಿಯದಾಯಿತು.

ಶನಿವಾರ

ಬಾಡಿಗೆಯ ಬೂಟು, ಹಲಗೆ, ಹೆಲ್ಮೆಟ್‌ಗಳನ್ನು ಹಿಂದಿನ ರಾತ್ರಿಯೇ ಮರಳಿಸಿದ್ದರಿಂದ ಬೆಳಿಗ್ಗೆ ಅವಸರವಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಕಾಯುವಾಗ ಅತ್ತೆಯವರು ಸಾಗರದಲ್ಲಿರುವ ತಮ್ಮ ತಂಗಿಗೆ ಫೋನು ಮಾಡಿ ಗಾಜಿನ ನೆಲದ ಡಬ್ಬಿಯ ವಿಷಯ ಹೇಳಿದರು. ಮುಂದಿನ ವರ್ಷ ಅವರನ್ನೂ ಕರೆದುಕೊಂಡು ಬರಬೇಕೆಂದು ಅಲ್ಲಿಯೇ ತೀರ್ಮಾನವಾಯಿತು. ಗ್ರೀನ್ ಕಾರ್ಡ್ ಇರುವ ನಮಗೆ ಕೆನಡಾಕ್ಕೆ ವೀಸಾ ಬೇಕಿಲ್ಲ, ಆದರೆ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣಿಸುವ ಹಿರಿಯರಿಗೆ ಅಮೆರಿಕದ ವೀಸಾ ಇದ್ದರೂ ಕೆನಡಾದ ಸಂದರ್ಶಕ ವೀಸಾ ಬೇರೆಯೇ ಬೇಕು. ಬೆರಳಚ್ಚು ಕೊಡುವುದು, ಪಾಸ್‌ಪೋರ್ಟ್ ಕಳಿಸಿ ತರಿಸಿಕೊಳ್ಳುವುದು ಎಲ್ಲ ಸೇರಿ ತಿಂಗಳುಗಳೇ ಹಿಡಿಯಬಹುದು. ಚಿಕ್ಕತ್ತೆಯವರ ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಿದೆಯಂತೆ. ಯುಗಾದಿ ಮುಗಿಯುತ್ತಲೇ ಆ ಕೆಲಸ ಶುರುಮಾಡಲು ಅತ್ತೆಯವರು ಫೋನಿನಲ್ಲಿಯೇ ತಾಕೀತು ಮಾಡಿದರು.